ತೊಳೆದು ತುಂಬಿ ಕೊಟ್ಟ ಡಬ್ಬಿ

ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಬೆಳಗಿನ ಗೇಟುಗಳು ಒಂದೊಂದಾಗಿ ಕಿರುಗುಟ್ಟುವ ಹೊತ್ತಿಗೆ ಭಾಗ್ಯಜ್ಯೋತಿಯ ಸ್ಕೂಟಿ ಅರ್ಧ ಬೀದಿ ಮುಗಿಸಿರುತ್ತಿತ್ತು. ಕಾಲಿಡುವ ಜಾಗದಲ್ಲಿ ಒಂದು ಚೀಲ, ಹಿಂದೆ ಹಗ್ಗ ಬಿಗಿದ ಪೆಟ್ಟಿಗೆ, ಎರಡರ ತುಂಬ ಸ್ಟೀಲಿನ ಡಬ್ಬಿಗಳು. ಒಂದು ಮನೆಗೆ ಹುಳಿಗೆಂದು ಬೂದುಗುಂಬಳದ ಹೋಳು, ಇನ್ನೊಂದಕ್ಕೆ ಪಲ್ಯಕ್ಕೆಂದು ಸಣ್ಣಗೆ ಹೆಚ್ಚಿದ ಹುರುಳಿಕಾಯಿ, ಮತ್ತೊಂದಕ್ಕೆ ನಾರು ತೆಗೆದು ಮಜ್ಜಿಗೆಯಲ್ಲಿ ನೆನೆಸಿದ ಬಾಳೆದಿಂಡು. ಸುವರ್ಣಗಡ್ಡೆ ಇದ್ದ ದಿನ ಅವಳ ಮೊಣಕೈವರೆಗೂ ತುರಿಕೆ. ಆ ತುರಿಕೆಯಲ್ಲೂ ಅವಳು ನಗುತ್ತಲೇ ಗಂಟೆ ಒತ್ತುತ್ತಿದ್ದಳು.

ಕಂಪನಿಯ ಹೆಸರು ‘ಹೆಚ್ಚು’. ಹೆಸರಿಟ್ಟವನು ಅದರ ಒಡೆಯ ಮಾಧವ, ಅದೇ ಬೀದಿಯ ಹುಡುಗ. ಓದಿ, ನಾಲ್ಕಾರು ವರ್ಷ ಕೆಲಸ ಮಾಡಿ, ಬಿಟ್ಟು, ಮನೆಯ ಕಾರು ನಿಲ್ಲಿಸುವ ಜಾಗಕ್ಕೆ ಬಿಳಿ ಟೈಲ್ಸ್ ಹಾಕಿಸಿ ಈ ಉದ್ಯಮ ಶುರುಮಾಡಿದ್ದ. “ತರಕಾರಿ ಹೆಚ್ಚೋದೂ ಹೆಚ್ಚು, ಬಿಸಿನೆಸ್ ಬೆಳೆಯೋದೂ ಹೆಚ್ಚು. ಹೆಂಗಿದೆ ಅಕ್ಕ?” ಎಂದು ಭಾಗ್ಯಜ್ಯೋತಿಯನ್ನು ಕೇಳಿದ್ದ. ಅವನ ತಾಯಿ ಚೂಡಾಮಣಿ ಬಾಗಿಲಲ್ಲೇ ನಿಂತು, “ಮೂರನೇ ಅರ್ಥಾನೂ ಇದೆ ಕಣೋ. ಬಳೆ ಒಡೆದ್ರೆ ಒಡೀತು ಅಂತೀವಾ? ಹೆಚ್ಚಿತು ಅಂತೀವಿ. ಬೇರೆ ಹೆಸರಿಡು” ಎಂದಿದ್ದರು. ಮಗ ನಕ್ಕಿದ್ದ. ಒಡೆಯ ನಗುವಾಗ ನಗದಿರುವುದು ಸರಿಯಲ್ಲವೆಂದು ಭಾಗ್ಯಜ್ಯೋತಿಯೂ ನಕ್ಕಿದ್ದಳು.

ಅವಳ ಊರು ಮುಂಡರಗಿ. ಮದುವೆಯಾಗಿ ಗಂಡ ಚನ್ನವೀರನ ಜೊತೆ ಬಿಟಿಎಂ ಲೇಔಟಿನ ಒಂದು ಕೋಣೆಗೆ ಬಂದಮೇಲೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಕಾಲರ್ ಹೊಲಿಯುವುದರಿಂದ ಹಿಡಿದು ಒಂದು ಲೈನಿನ ಸೂಪರ್‌ವೈಸರ್ ಆಗುವತನಕ ದುಡಿದವಳು. ಅಲ್ಲಿ ಮೂತ್ರಕ್ಕೆ ಹೋಗಲೂ ಟೋಕನ್ ಬೇಕು. ಸೂಪರ್‌ವೈಸರ್ ಆದಮೇಲೆ ಆ ಟೋಕನ್ ಕೊಡುವವಳು ಅವಳೇ ಆದಳು, ಅಷ್ಟೇ ವ್ಯತ್ಯಾಸ. ಹೊಸ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಬಂದು ನಿಂತರೆ, “ಇನ್ನೊಂದು ಬಂಡಲ್ ಮುಗಿಸಿ ಹೋಗು” ಎನ್ನುವುದನ್ನು ಅವಳು ಬೇಗ ಕಲಿತಿದ್ದಳು. ಅದನ್ನು ಬಿಟ್ಟು ಅವಳು ಮಾಧವನ ಬಳಿ ಬಂದದ್ದಕ್ಕೆ ಕಾರಣ ಅವನ ಒಂದು ಮಾತು. ಅವಳು ತಿರುಗುವ ಬೀದಿಗಳಲ್ಲಿ ತರಕಾರಿ ಪುಕ್ಕಟೆ ಕೊಡುವ ಮೊದಲ ತಿಂಗಳುಗಳು ಮುಗಿದಮೇಲೆ ಅರ್ಧ ಮನೆಗಳಾದರೂ ದುಡ್ಡು ಕಟ್ಟಿ ಉಳಿದರೆ, ಜೆ.ಪಿ. ನಗರದಲ್ಲಿ ತೆರೆಯಲಿರುವ ಶಾಖೆಗೆ ಅವಳೇ ಮುಖ್ಯಸ್ಥೆ. ಉಳಿಯದಿದ್ದರೆ ಶಾಖೆಯೂ ಇಲ್ಲ, ಕಂಪನಿಯೂ ಇಲ್ಲ. ಆ ಎರಡನೆಯ ಭಾಗವನ್ನೂ ಅವನು ಹೇಳಿದ್ದ. ಅವಳ ಕಿವಿ ಮೊದಲನೆಯದರಲ್ಲೇ ನಿಂತುಬಿಟ್ಟಿತ್ತು.

“ಗಾರ್ಮೆಂಟ್ಸಿಗೆ ಮತ್ತ ಹೋಗಬೇಕಾದ್ರ?” ಎಂದು ಚನ್ನವೀರ ಕೇಳಿದ.

“ಹೋಗಂಗಿಲ್ಲ.”

“ಹೋಗಬೇಕಾದ್ರ ಅಂದೆ.”

“ನಾನೂ ಹೋಗಂಗಿಲ್ಲ ಅಂದೆ. ತಿಳೀತಿಲ್ಲೇನು?”

ಪುಕ್ಕಟೆಯ ಮೊದಲ ವಾರವೇ ಒಂದು ಸೋಜಿಗ ನಡೆಯಿತು. ಹಿಂದಿನ ದಿನದ ಡಬ್ಬಿಗಳನ್ನು ಒಟ್ಟುಮಾಡಿ ತಂದು ಬಿಳಿ ಟೈಲ್ಸಿನ ಕಟ್ಟೆಯ ಮೇಲಿಟ್ಟಾಗ ಅವು ಭಾರವಾಗಿದ್ದವು. ಮುಚ್ಚಳ ತೆಗೆದರೆ ಒಂದರಲ್ಲಿ ಸಕ್ಕರೆ, ಒಂದರಲ್ಲಿ ಹಿತ್ತಲ ಗಿಡದ ನಿಂಬೆಹಣ್ಣು, ಇನ್ನೊಂದರಲ್ಲಿ ನಾಲ್ಕು ಚಕ್ಕುಲಿ, ಒಂದರಲ್ಲಿ ತೇವ ಆರದ ಮಲ್ಲಿಗೆ ಮೊಗ್ಗು. ಎಲ್ಲವೂ ಬೆಳಗಿ ಒರೆಸಿದ ಡಬ್ಬಿಗಳು. ಬೆಳಗಿನ ಎಳೆಬಿಸಿಲು ಅವುಗಳ ಅಂಚಿನಲ್ಲಿ ಕೂತು ನಡುಗುತ್ತಿತ್ತು. ಭಾಗ್ಯಜ್ಯೋತಿ ಒಂದು ಮೊಗ್ಗನ್ನು ಎತ್ತಿ ಮೂಸಿದಳು. ಇಷ್ಟು ವರ್ಷದ ದುಡಿಮೆಯಲ್ಲಿ ಅವಳಿಗೆ ಯಾರೂ ಒಂದು ಮೊಗ್ಗು ಕೊಟ್ಟಿರಲಿಲ್ಲ.

ಮಾಧವ ಫೋಟೋ ತೆಗೆದ. ಮೇಲಿನಿಂದ, ಪಕ್ಕದಿಂದ, ಅವಳ ಕೈಯಲ್ಲಿ ಡಬ್ಬಿ ಕೊಟ್ಟು ಎದುರಿನಿಂದ. “ಅಕ್ಕ, ಇದು ಸಖತ್ತು. ಜನ ಆ್ಯಪಲ್ಲಿ ಸ್ಟಾರ್ ಕೊಡೋದಕ್ಕೇ ಅಳ್ತಾರೆ. ಇಲ್ಲಿ ಚಕ್ಕುಲಿ ಕೊಟ್ಟು ಕಳಿಸ್ತಿದಾರೆ ಗುರು!” ಎಂದ. ಹಣ ಹಾಕುವವರಿಗೆ ತೋರಿಸುವ ಚಿತ್ರಗಳಲ್ಲಿ ಆ ಫೋಟೋ ಎಲ್ಲಕ್ಕಿಂತ ಮುಂದೆ ಬಂತು. ಅದರ ಕೆಳಗೆ ‘ಪ್ರೀತಿ’ ಎಂದು ಬರೆಸಿದ. ಪ್ರೀತಿಯ ಪಕ್ಕದಲ್ಲಿ ಮೇಲಕ್ಕೇರುವ ಒಂದು ಗೆರೆ.

ಹಬ್ಬ ಬಂದಂತೆ ಡಬ್ಬಿಗಳು ಇನ್ನೂ ತೂಕವಾದವು. ಗೌರಿಯ ದಿನ ಕೊಬ್ಬರಿ ಮಿಠಾಯಿ, ನವರಾತ್ರಿಗೆ ಗೊಂಬೆ ಬಾಗಿನ. ಭಾಗ್ಯಜ್ಯೋತಿ ಸಂಜೆ ಅವನ್ನೆಲ್ಲ ಕೋಣೆಗೆ ತಂದು ಗಂಡನ ಮುಂದೆ ಹರವುತ್ತಿದ್ದಳು.

“ನೋಡ್ರಿ. ಟಿ ಬ್ಲಾಕಿನ ಮಂದಿ ನನ್ನ ಮನಿ ಮಗಳಂಗ ನೋಡ್ತಾರ.”

ಚನ್ನವೀರ ಮಿಠಾಯಿ ಬಾಯಿಗೆ ಹಾಕಿಕೊಂಡ. “ಮನಿ ಮಗಳಿಗೆ ಪಗಾರ ಯಾರು ಕೊಡ್ತಾರಲೇ?”

ಅವಳು ಉಳಿದ ಮಿಠಾಯಿಯ ಡಬ್ಬಿ ಮುಚ್ಚಿ ಎತ್ತಿಟ್ಟಳು. ಹೊಟ್ಟೆಕಿಚ್ಚು ಎಂದುಕೊಂಡಳು.

ಪುಕ್ಕಟೆಯ ಪಟ್ಟಿಯಲ್ಲಿ ಇಲ್ಲದವರು ಒಬ್ಬರೇ. ಬಿಟಿಎಂನಲ್ಲಿ ಪಿ.ಜಿ. ಹುಡುಗರಿಗೆ ಮೆಸ್ ನಡೆಸುವ ನೀಲಗಂಗಮ್ಮ. ಭಾಗ್ಯಜ್ಯೋತಿ ಮನೆಗೆ ಹೋಗುವ ದಾರಿಯಲ್ಲಿ ಸ್ಕೂಟಿ ಅಡ್ಡಹಾಕಿ, ಪೆಟ್ಟಿಗೆಯ ಮೇಲಿನ ಬರಹ ಓದಿ, “ಈರುಳ್ಳಿ, ಬೀನ್ಸು ಹೆಚ್ಚಿ ಕೊಡ್ತೀರಾ? ದಿನಾ ಬೇಕು, ಮೂಟೆಗಟ್ಲೆ ಬೇಕು” ಎಂದು ಕೇಳಿ, ಅಲ್ಲೇ ಸೆರಗಿನ ಗಂಟು ಬಿಚ್ಚಿ ಮುಂಗಡ ಕೊಟ್ಟವರು. ಅವರಿಂದ ಬರುತ್ತಿದ್ದ ಡಬ್ಬಿಗಳ ಕತೆಯೇ ಬೇರೆ. ತೊಳೆದಿರುತ್ತಿರಲಿಲ್ಲ. ಅಂಚಿಗೆ ಒಣಗಿದ ಸಾಂಬಾರು, ಒಳಗೆ ಈರುಳ್ಳಿ ಸಿಪ್ಪೆ, ಒಮ್ಮೆ ಒಂದು ಬೀಡಿ ತುಂಡು. ಜೊತೆಗೆ ಬೈಗುಳ.

“ಏನಮ್ಮಾ ಇದು, ಬೀನ್ಸ್ ಹೆಚ್ಚಿದೀರೋ ಸೌದೆ ಸೀಳಿದೀರೋ? ಆರೂವರೆ ಅಂದ್ರೆ ಆರೂವರೆಗೆ ಬರಬೇಕು. ನನ್ನ ಹುಡುಗ್ರು ಏಳೂವರೆಗೆ ಕಂಪನಿ ಬಸ್ ಹತ್ತಬೇಕು, ನಿಮ್ಮ ಮುಖ ನೋಡ್ಕೊಂಡು ಕೂರ್ತಾರಾ?”

“ಡಬ್ಬಿನಾದ್ರೂ ತೊಳದು ಕೊಡ್ರಿ ಆಂಟಿ.”

“ದುಡ್ಡೂ ಕೊಟ್ಟು ಡಬ್ಬಿನೂ ತೊಳೀಲಾ? ಚೆನ್ನಾಗಿದೆ ನಿಮ್ಮ ನ್ಯಾಯ! ಸೋಮವಾರದಿಂದ ಎರಡರಷ್ಟು ಬೇಕು. ಆಗುತ್ತೋ ಇಲ್ವೋ, ಈಗ್ಲೇ ಹೇಳು.”

ಭಾಗ್ಯಜ್ಯೋತಿ ಆ ಕೊಳಕು ಡಬ್ಬಿಗಳನ್ನು ಎರಡು ಬೆರಳಲ್ಲಿ ಹಿಡಿದು ತಂದು ಮಾಧವನಿಗೆ ತೋರಿಸಿದಳು. ತೋರಿಸುವಾಗ ಬೀಡಿ ತುಂಡನ್ನು ಎಸೆಯದೆ ಇಟ್ಟುಕೊಂಡಿದ್ದಳು. ಅವನು ಮುಖ ಕಿವಿಚಿದ. “ಛೀ. ಇದು ನಮ್ಮ ಬ್ರ್ಯಾಂಡಿಗೆ ಹೊಂದಲ್ಲ ಅಕ್ಕ. ನಾವು ಮನೆಗಳಿಗೆ ಮಾಡ್ತಿರೋದು, ಮೆಸ್ಸಿಗಲ್ಲ. ಬಿಟ್ಬಿಡಿ ಅವರನ್ನ.”

ಬಿಟ್ಟುಬಿಡುವ ಕೆಲಸವನ್ನು ಅವಳು ರುಚಿಯಾಗಿ ಮಾಡಿದಳು. ಫೋನಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಮೆಸ್ಸಿನ ಬಾಗಿಲಿಗೇ ಹೋಗಿ, ಇಡ್ಲಿ ತಿನ್ನುತ್ತಿದ್ದ ಹುಡುಗರಿಗೆ ಕೇಳುವಂತೆ, “ನಿಮ್ಮಂಥವ್ರಿಗೆ ನಾವು ಕೊಡಂಗಿಲ್ರಿ. ನಮ್ಮ ಗಿರಾಕಿಗಳು ಡಬ್ಬಿ ತುಂಬಿ ಕಳಿಸ್ತಾರ” ಎಂದಳು. ನೀಲಗಂಗಮ್ಮ ಸೌಟು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಅವಳನ್ನು ನೋಡಿದರು. ಬೈಯಲಿಲ್ಲ. “ನಾಳೆ ಬೆಳಿಗ್ಗೆ ನಾನೇನು ಮಾಡ್ಲಿ?” ಎಂದು ಮಾತ್ರ ಕೇಳಿದರು. ಭಾಗ್ಯಜ್ಯೋತಿ ಸ್ಕೂಟಿ ಏರಿದಳು. ಹಾದಿಯುದ್ದಕ್ಕೂ ಮೈ ಹಗುರವಾಗಿತ್ತು. ಟೋಕನ್ ಕೊಡದೆ ಹುಡುಗಿಯೊಬ್ಬಳನ್ನು ವಾಪಸು ಕಳಿಸಿದಾಗ ಆಗುತ್ತಿದ್ದಂಥ ಹಗುರ.

ಪುಕ್ಕಟೆ ಮುಗಿಯಿತು. ತಿಂಗಳ ಮೊದಲ ದಿನ ಎಲ್ಲರ ಮೊಬೈಲಿಗೂ ‘ಹೆಚ್ಚು ಕುಟುಂಬಕ್ಕೆ ಸ್ವಾಗತ, ಚಂದಾ ಕಟ್ಟಿ’ ಎಂಬ ಸಂದೇಶ ಹೋಯಿತು. ಯಾರೂ ಕಟ್ಟಲಿಲ್ಲ. ದೊಡ್ಡವರಿಗೆ ಮೊಬೈಲಿನಲ್ಲಿ ಕಟ್ಟಲು ಬರುವುದಿಲ್ಲ, ಅಷ್ಟೇ ಎಂದು ಭಾಗ್ಯಜ್ಯೋತಿ ಮಾಧವನಿಗೆ ಧೈರ್ಯ ಹೇಳಿದಳು. “ನಾ ಹೋಗಿ ಬರ್ತೀನಿ ಸಾರ್. ನನ್ನ ಮುಖ ನೋಡಿದ್ರ ಇಲ್ಲ ಅನ್ನಂಗಿಲ್ಲ.”

ಅದು ನಿಜವಾಗಿತ್ತು. ಯಾರೂ ಇಲ್ಲ ಎನ್ನಲಿಲ್ಲ.

“ಅಯ್ಯೋ ಖಂಡಿತ ಕಣಮ್ಮಾ! ಮುಂದಿನ ತಿಂಗಳಿಂದ ಶುರುಮಾಡೋಣ. ಈ ತಿಂಗಳು ನನ್ನ ಓರಗಿತ್ತಿ ಬಂದಿದಾಳೆ, ಇಬ್ಬರೂ ಸೇರಿ ಹೆಚ್ಕೋತೀವಿ.”

“ನಿಮ್ಮ ಬಾಳೆದಿಂಡು ಮಾತ್ರ ಬೊಂಬಾಟ್. ಸಂಕಷ್ಟಿಗೆ ಯಾವತ್ತಾದ್ರೂ ಬೇಕಾದ್ರೆ ಹೇಳ್ತೀನಿ. ಕಾಫಿ ಕುಡೀತೀಯಾ?”

“ನಮ್ಮೆಜಮಾನ್ರು ಮಾರ್ಕೆಟ್ಟಿಗೆ ಹೋಗೋದೇ ವಾಕಿಂಗು. ತರಕಾರಿ ತರೋದು ಬೇಡ ಅಂದ್ರೆ ಮನೇಲಿ ಕೂತು ನನ್ನ ತಲೆ ತಿಂತಾರೆ.”

ಬ್ಯಾಂಕಿನಿಂದ ನಿವೃತ್ತರಾದ ಸೇತುರಾಮರು ಈಳಿಗೆಮಣೆಯ ಮುಂದೆಯೇ ಕೂತಿದ್ದರು. ಬದನೆಕಾಯಿಯನ್ನು ನೀರಿನ ಪಾತ್ರೆಗೆ ಜಾರಿಸುತ್ತ, ನಗುತ್ತ, “ಈ ಮನೇಲಿ ನನಗೆ ಉಳಿದಿರೋದು ಇದೊಂದೇ ಕೆಲಸ. ಅದನ್ನೂ ನಿನಗೆ ಕೊಟ್ಟು, ಜೊತೆಗೆ ದುಡ್ಡೂ ಕೊಡಬೇಕಾ ತಾಯಿ?” ಎಂದರು.

ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಅವಳ ಕೈಯಲ್ಲಿ ಏನಾದರೊಂದು ಇರುತ್ತಿತ್ತು. ಒಂದು ಬಾಳೆಹಣ್ಣು, ಎಲೆಅಡಿಕೆ, ರವಿಕೆಕಣ. ಬೀದಿಯ ತುದಿ ಮುಟ್ಟುವಾಗ ಚೀಲ ತುಂಬಿತ್ತು, ಒಂದು ರೂಪಾಯಿಯೂ ಬಂದಿರಲಿಲ್ಲ. ಕೊನೆಯ ಮನೆಯ ಗೇಟು ಹಾಕಿಕೊಳ್ಳುವಾಗ ಒಳಗಿನ ಮಾತು ಅವಳ ಬೆನ್ನಿಗೆ ಬಂದು ತಾಗಿತು. “ಯಾರೇ ಅದು?” “ತರಕಾರಿಯವಳು. ಪಾಪ, ಬೆಳಬೆಳಿಗ್ಗೆ ಒದ್ದಾಡುತ್ತೆ ಅಂತ ತಗೋತಿದ್ದೆ. ಈಗ ದುಡ್ಡಂತೆ.”

ಉಳಿದದ್ದು ಚೂಡಾಮಣಿಯವರ ಅಡುಗೆಮನೆ. ಸ್ವಂತ ಮಗನ ಕಂಪನಿ, ಒಂದಾದರೂ ಚಂದಾ ಇಲ್ಲಿಂದ ಶುರುವಾಗಲಿ ಎಂದುಕೊಂಡು ಹೋದಳು. ಚೂಡಾಮಣಿ ಒಗ್ಗರಣೆ ಹಾಕುತ್ತಿದ್ದವರು ತಿರುಗಿಯೂ ನೋಡಲಿಲ್ಲ.

“ನಾನ್ಯಾಕೆ ಕಟ್ಲೇ? ನನಗೇನು ಕೈ ಇಲ್ವಾ? ಬೇರೆಯವರು ಯಾವ ಕೈಲಿ ಹೆಚ್ಚಿರ್ತಾರೋ, ನನಗೆ ಅದೆಲ್ಲ ಸರಿಹೋಗಲ್ಲ.”

“ಮತ್ತ ನೀವೂ ಡಬ್ಬಿ ತುಂಬಿ ಕಳಿಸ್ತಿದ್ರಿ?”

“ಬರೀ ಡಬ್ಬಿ ಕೊಡಕ್ಕಾಗುತ್ತಾ?” ಚೂಡಾಮಣಿಗೆ ಪ್ರಶ್ನೆಯೇ ಅರ್ಥವಾದಂತಿರಲಿಲ್ಲ. “ಪುಕ್ಕಟೆ ಬಂದಿದ್ದು ಋಣ ಕಣೇ. ಒಂದು ಚಿಟಿಕೆ ಸಕ್ಕರೆ ಹಾಕಿ ಕೊಟ್ರೆ ತೀರಿಹೋಯ್ತು. ಆಮೇಲೆ ಅವರಿಗೂ ನಮಗೂ ಏನೂ ಇಲ್ಲ. ಯಾಕೆ, ನಿಮ್ಮ ಕಡೆ ಹಾಗೆ ಮಾಡಲ್ವಾ?”

ಮಾಡುತ್ತಿದ್ದರು. ಮುಂಡರಗಿಯ ಓಣಿಯಲ್ಲಿ ಎದುರುಮನೆಯಿಂದ ಹೋಳಿಗೆ ಬಂದರೆ, ಆ ಮನೆಯವರ ಮೇಲೆ ಎಷ್ಟೇ ಸಿಟ್ಟಿದ್ದರೂ, ಅವಳ ಅವ್ವ ತಾಟಿಗೆ ಒಂದು ಹಿಡಿ ಕಡಲೆ ಸುರಿದೇ ಹಿಂದಿರುಗಿಸುತ್ತಿದ್ದಳು. “ಅವ್ರ ತಾಟು ನಮ್ಮನ್ಯಾಗ ಖಾಲಿ ಬೀಳಬಾರದು, ನಾಳೆ ಬಾಯಿ ಮಾಡ್ತಾರ” ಎನ್ನುತ್ತಿದ್ದಳು. ತಾಟು ಕೊಂಡೊಯ್ಯುತ್ತಿದ್ದವಳು ಭಾಗ್ಯಜ್ಯೋತಿಯೇ. ಗೊತ್ತಿದ್ದದ್ದೇ. ಜಯನಗರದ ಸಕ್ಕರೆ ಮಾತ್ರ ಬೇರೆ ಇರಬಹುದೆಂದು ನಂಬಿಕೊಂಡಿದ್ದಳು.

ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕಾಯುತ್ತಿದ್ದ ಮಾಧವನಿಗೆ ಅವಳು ಚೀಲ ತೋರಿಸಲಿಲ್ಲ. “ಮುಂದಿನ ತಿಂಗಳು ಅಂದಾರ ಸಾರ್” ಎಂದಳು. ಅವನು ಅದನ್ನೂ ನಂಬಿದ. ಲ್ಯಾಪ್‌ಟಾಪಿನಲ್ಲಿ ಏನೋ ಬರೆದು, “ಇಂಟರೆಸ್ಟ್ ಇದೆ, ಡಿಲೇ ಆಗ್ತಿದೆ ಅಷ್ಟೇ” ಎಂದು ತನಗೇ ಹೇಳಿಕೊಂಡ. ಇನ್ನೊಂದು ತಿಂಗಳು ಪುಕ್ಕಟೆ ಮುಂದುವರಿಯಿತು. ಡಬ್ಬಿಗಳು ಮತ್ತೆ ತುಂಬಿ ಬಂದವು. ಈಗ ಭಾಗ್ಯಜ್ಯೋತಿ ಅವುಗಳ ಮುಚ್ಚಳ ತೆಗೆಯುತ್ತಿರಲಿಲ್ಲ.

ಕೊನೆಗೆ ಅವಳಿಗೆ ನೆನಪಾದದ್ದು ನೀಲಗಂಗಮ್ಮ. ಅವರೊಬ್ಬರು ಮರಳಿ ಬಂದರೂ, ಅವರನ್ನು ಹಿಡಿದು ಇನ್ನಷ್ಟು ಮೆಸ್ಸುಗಳನ್ನು ಹಿಡಿಯಬಹುದು. ಬಿಟಿಎಂನಲ್ಲಿ ತಿರುವಿಗೊಂದು ಮೆಸ್ಸು. ಬೆಳಗಿನ ಗದ್ದಲ ಮುಗಿದಮೇಲೆ ಹೋಗಿ ಬಾಗಿಲಲ್ಲಿ ನಿಂತಳು. ಒಳಗೆ ಕಡಾಯಿಗಳ ಪಕ್ಕ ಒಂದು ಹೊಸ ಯಂತ್ರ. ಒಂದು ಕಡೆ ಈರುಳ್ಳಿ ಹಾಕಿದರೆ ಇನ್ನೊಂದು ಕಡೆಯಿಂದ ಸಣ್ಣ ಸಣ್ಣ ಚೂರು ಸುರಿಯುತ್ತಿತ್ತು.

“ತಪ್ಪಾತ್ರಿ ಆಂಟಿ. ಡಬ್ಬಿ ನಾವೇ ತೊಳ್ಕೋತೀವಿ. ಆರೂವರೆ ಅಂದ್ರ ಆರೂವರೆಗೇ ಬರ್ತೀನಿ.”

ನೀಲಗಂಗಮ್ಮ ಯಂತ್ರ ನಿಲ್ಲಿಸಿದರು. “ನೀನು ಬಂದುಹೋದ ಮಾರನೇ ಬೆಳಿಗ್ಗೆ ನಾನೂ ನನ್ನ ತಂಗೀನೂ ಕಣ್ಣೀರು ಸುರಿಸಿಕೊಂಡು ಹೆಚ್ಚಿದ್ವಿ. ಮೂವತ್ತು ಹುಡುಗ್ರು ಟಿಫನ್ ಇಲ್ದೆ ಹೋದ್ರು. ಹತ್ತು ಜನ ಮತ್ತೆ ಬರಲೇ ಇಲ್ಲ. ಸಾಲ ಮಾಡಿ ಇದನ್ನ ತಗೊಂಡೆ.” ಯಂತ್ರದ ಮೇಲೆ ಕೈಯಿಟ್ಟರು. “ಇದಕ್ಕೆ ಬಾಯಿಲ್ಲ ನೋಡು. ನಿಮ್ಮಂಥವ್ರಿಗೆ ಕೊಡಲ್ಲ ಅನ್ನಲ್ಲ.”

“ಆಂಟಿ, ಒಂದು ಸಲ...”

“ಬಾಗಿಲು ಬಿಟ್ಟು ನಿಂತ್ಕೊಳಮ್ಮ. ಗ್ಯಾಸಿನವನು ಬರ್ತಾನೆ.”

ಯುಗಾದಿಗೆ ಮೊದಲೇ ಬಿಳಿ ಟೈಲ್ಸಿನ ಜಾಗಕ್ಕೆ ಕಾರು ವಾಪಸು ಬಂತು. “‘ಹೆಚ್ಚು’ ಹೆಚ್ಚಿತಂತೆ” ಎಂದು ಸೇತುರಾಮರು ಬೀದಿಯಲ್ಲಿ ಒಂದು ವಾರ ಹೇಳಿ ನಗಿಸಿದರು. ಮಾಧವನಿಗೆ ಔಟರ್ ರಿಂಗ್ ರೋಡಿನ ದೊಡ್ಡ ಕಂಪನಿಯೊಂದು ಕೆಲಸ ಕೊಟ್ಟಿತು. ಸ್ವಂತವಾಗಿ ಕಟ್ಟಿ ಸೋತ ಅನುಭವವಿದೆ ಎಂಬುದೇ ಅವನ ಅರ್ಹತೆ. ಭಾಗ್ಯಜ್ಯೋತಿಯೂ ಕಟ್ಟಿ ಸೋತಿದ್ದಳು. ಬೊಮ್ಮನಹಳ್ಳಿಯಲ್ಲಿ ಅದಕ್ಕೆ ಬೆಲೆ ಇರಲಿಲ್ಲ. ಅವಳ ಲೈನಿಗೆ ಬೇರೆ ಸೂಪರ್‌ವೈಸರ್ ಬಂದಿದ್ದಳು. ಹಿಂದೆ ಇವಳ ಕೈಕೆಳಗೇ ಕಾಲರ್ ಕಲಿತ ರಾಜಶ್ರೀ. ಹೊಲಿಗೆಯ ಸೀಟು ಖಾಲಿಯಿಲ್ಲವೆಂದು ಭಾಗ್ಯಜ್ಯೋತಿಯನ್ನು ದಾರ ಕತ್ತರಿಸುವ ಮೇಜಿಗೆ, ಹೆಲ್ಪರ್ ಸಂಬಳಕ್ಕೆ ಹಾಕಿದರು. ಮೊದಲ ದಿನ ಟೋಕನ್ ಕೇಳಲು ಹೋದಾಗ ರಾಜಶ್ರೀ ತಲೆಯೆತ್ತದೆ, “ಇನ್ನೊಂದು ಬಂಡಲ್ ಮುಗಿಸಿ ಹೋಗಕ್ಕ” ಎಂದಳು.

ಮಾಧವನ ಫೋನು ಬಂದದ್ದು ಆಷಾಢದಲ್ಲಿ. “ಅಕ್ಕ, ಶನಿವಾರ ಜಯನಗರದಲ್ಲಿ ನನ್ನ ಟಾಕ್ ಇದೆ. ಹೊಸದಾಗಿ ಕಂಪನಿ ಮಾಡೋ ಹುಡುಗ್ರೆಲ್ಲ ಬರ್ತಾರೆ. ನೀವು ಬರಲೇಬೇಕು. ನಿಮ್ಮ ಬಗ್ಗೆ ಹೇಳ್ತೀನಿ.” ಹೊಸ ಕಂಪನಿಗಳು ಎಂಬ ಮಾತು ಅವಳ ಕಿವಿಯಲ್ಲಿ ನಿಂತಿತು. ಅರ್ಧ ದಿನದ ಸಂಬಳ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದಳು.

“ಕೆಲಸ ಕೇಳಾಕ ಹೊಂಟೀಯೇನು?” ಎಂದ ಚನ್ನವೀರ.

“ಕೇಳಿದ್ರ ಏನಾತು?”

“ಏನೂ ಆಗಂಗಿಲ್ಲ. ಅದನ್ನ ಹೇಳಾಕತ್ತೀನಿ.”

ತಣ್ಣನೆಯ ಸಭಾಂಗಣ. ಪರದೆಯ ಮೇಲೆ ಡಬ್ಬಿಗಳ ಆ ಫೋಟೋ, ಅದರೊಳಗೆ ಡಬ್ಬಿ ಹಿಡಿದು ನಗುತ್ತಿರುವ ಭಾಗ್ಯಜ್ಯೋತಿ. ಮಾಧವ ಚೆನ್ನಾಗಿ ಮಾತಾಡಿದ. “ಇದು ನಮ್ಮ ಫೀಲ್ಡ್ ನೋಡ್ಕೊಳ್ತಿದ್ದ ಅಕ್ಕ. ಡಬ್ಬಿಯಲ್ಲಿ ಸಕ್ಕರೆ ಬಂದ ತಕ್ಷಣ ಕರಗಿಹೋದ್ರು! ಅದು ಡಿಮ್ಯಾಂಡ್ ಅಲ್ಲ, ಮರ್ಯಾದೆ. ಮರ್ಯಾದೆ ಪುಕ್ಕಟೆ ಸಿಗುತ್ತೆ ಸ್ನೇಹಿತರೇ, ಜೇಬಿಂದ ದುಡ್ಡು ಬಂದ್ರೆ ಮಾತ್ರ ಗಿರಾಕಿ.” ಸಭೆ ನಕ್ಕಿತು. “ಇನ್ನೂ ಕೇಳಿ. ದುಡ್ಡು ಕೊಡ್ತಿದ್ದ ಒಬ್ಬರೇ ಒಬ್ಬ ಗಿರಾಕಿ, ಮೆಸ್ ಆಂಟಿ. ಡಬ್ಬಿ ತೊಳೀಲಿಲ್ಲ ಅಂತ ಅಕ್ಕ ಅವರನ್ನೇ ಓಡಿಸಿಬಿಟ್ರು!” ಈಗಿನ ನಗೆ ದೊಡ್ಡದು. ಬ್ರ್ಯಾಂಡಿಗೆ ಹೊಂದುವುದಿಲ್ಲವೆಂದು ಬಿಡಿಸಿದವನು ಯಾರೆಂದು ಅವನಿಗೆ ನಿಜವಾಗಿಯೂ ಮರೆತುಹೋಗಿತ್ತೇನೋ. ಓಡಿಸಿದವಳು ಅವಳೇ ಎಂಬುದು ಮಾತ್ರ ಸುಳ್ಳಲ್ಲ. “ಅಕ್ಕ ಇಲ್ಲೇ ಇದಾರೆ. ಎದ್ದು ನಿಲ್ಲಿ ಅಕ್ಕ!”

ಅವಳು ಎದ್ದು ನಿಂತಳು. ಚಪ್ಪಾಳೆ ಬಹಳ ಹೊತ್ತು ಬಿತ್ತು. ಕೂರಬೇಕೋ ನಿಂತಿರಬೇಕೋ ತಿಳಿಯಲಿಲ್ಲ.

ಕಾಫಿಯ ಹೊತ್ತಿಗೆ ಹುಡುಗ ಹುಡುಗಿಯರು ಅವಳ ಸುತ್ತ ನೆರೆದರು. ಕೆಲವರು ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಇಂಚರ ಎಂಬ ಹುಡುಗಿ ಅವಳ ಎರಡೂ ಕೈ ಹಿಡಿದುಕೊಂಡಳು. ಜೆ.ಪಿ. ನಗರದಲ್ಲಿ ತಾನೂ ಒಂದು ಕಂಪನಿ ಶುರುಮಾಡುತ್ತಿದ್ದೇನೆ ಎಂದಳು. “ಅಕ್ಕ, ನೀವು ಸೂಪರ್. ಎಷ್ಟು ಮನೆ ಬಾಗಿಲು ತಟ್ಟಿದೀರಾ! ನಮಗೆ ನಿಮ್ಮಂಥೋರೇ ಬೇಕಿತ್ತು.”

ಭಾಗ್ಯಜ್ಯೋತಿ ಹುಡುಗಿಯ ಮುಖ ನೋಡಿದಳು. ಕಣ್ಣುಗಳು ಸ್ವಚ್ಛವಾಗಿದ್ದವು. ಅಂಗೈ ಬೆಚ್ಚಗಿತ್ತು.

“ಯಾವತ್ತಿನಿಂದ ಬರ್ಲಿ?” ಎಂದಳು. “ಸಂಬಳ ಎಷ್ಟು ಕೊಡ್ತೀರಿ?”

ಇಂಚರಳ ಕೈ ಸಡಿಲವಾಯಿತು. ಮರುಕ್ಷಣ ಅವಳು ಗಟ್ಟಿಯಾಗಿ ನಕ್ಕು, ಗೆಳೆಯರ ಕಡೆ ತಿರುಗಿ, “ಕೇಳಿದ್ರಾ? ಅಕ್ಕ ಟಾಕ್‌ನ ಪಾಯಿಂಟನ್ನೇ ಹಿಡಿದುಬಿಟ್ರು, ನೇರ ದುಡ್ಡಿಗೇ ಬಂದ್ರು!” ಎಂದಳು. ಎಲ್ಲರೂ ನಕ್ಕರು. ಯಾರೋ ಇನ್ನೊಂದು ಸಲ ಚಪ್ಪಾಳೆ ತಟ್ಟಿದರು.

ಭಾಗ್ಯಜ್ಯೋತಿ ನಗಲಿಲ್ಲ. ಉತ್ತರ ಬರುತ್ತದೇನೋ ಎಂದು ಮೇಜಿನ ಮೇಲಿದ್ದ ತನ್ನ ಕಾಫಿಯ ಕಪ್ಪು ಎತ್ತಿಕೊಂಡು ಅಲ್ಲೇ ನಿಂತಿದ್ದಳು. ಕಾಫಿ ಆರಿ ಕೆನೆ ಕಟ್ಟಿತು. ಅಷ್ಟರಲ್ಲಿ ಅವರು ಬೇರೆ ಮಾತಿಗೆ ಹೊರಳಿ, ನಗುತ್ತಲೇ ಅವಳನ್ನು ದಾಟಿ ಹೋದರು.